ಪವಿತ್ರ ಬರೆದ ಕಾನ್ಸ್ಟ್

ವೇದಿಕೆಯ ಹಿರಿಯರೇ, ಮಗಳನ್ನು ಕಳೆದುಕೊಂಡ ಮಾರಯ್ಯನವರೇ, ಸೋಮಮ್ಮ ತಾಯಿ — ನಮಸ್ಕಾರ. ಚಾಮರಾಜನಗರದ ನಮ್ಮ ಲ್ಯಾಬಿನ ಕಿಟಕಿಯಲ್ಲಿ ನಿಮ್ಮೆಲ್ಲರ ರಕ್ತಪರೀಕ್ಷೆಯ ಚೀಟಿ ಕೊಟ್ಟ ಕೈ ಇದು. ನಾನಿಲ್ಲದಿದ್ದರೆ ಲ್ಯಾಬೇ ಇಲ್ಲ — ಇರಲಿ, ಇವತ್ತು ನನ್ನ ಮಾತು ಬೇಡ.

ಆ ಚೀಟಿಯ ಪ್ರೋಗ್ರಾಂ ಬರೆದವಳು ನಿಮ್ಮ ಮಗಳು ಪವಿತ್ರ. ನಾನು ಬೇಗೂರಿನಲ್ಲಿ ಓದಿದ್ದು ಬರೀ ಏಳನೇ ಕ್ಲಾಸು. ಆದರೂ ಸಿ ಪ್ಲಸ್ ಪ್ಲಸ್ ಅನ್ನುವ ಕಂಪ್ಯೂಟರ್ ಭಾಷೆಯ ಬಗ್ಗೆ ಹೇಳಬಲ್ಲೆ — ಕಲಿಸಿದವಳು ಅವಳು.

“ಪ್ರೋಗ್ರಾಂನಾಗೆ ಬರ್ದಿರೋ ಈ ಕಾನ್ಸ್ಟ್ ಅಂದ್ರೆ ಏನಮ್ಮಿ?” ಅಂತ ಒಮ್ಮೆ ಕೇಳಿದ್ದೆ.

“ಪ್ರೋಗ್ರಾಂನಾಗೆ ಪ್ರಿಂಟ್ ಮಾಡೋ ತುಂಡು ಐತಲ್ಲ, ಆ ಫಂಕ್ಷನ್‌ಗೆ ನಕಲು ಕೊಡಲ್ಲ ಮಾವ, ರೋಗಿಯ ಅಸಲು ದಾಖಲೆನೇ ಕೊಡ್ತೀನಿ. ಓದ್ಲಿ, ಪ್ರಿಂಟ್ ಮಾಡ್ಲಿ. ಕಾನ್ಸ್ಟ್ ಅಂತ ಬರ್ದಿದ್ರೆ, ತಿದ್ದಕ್ಕೆ ಬಂದಾಗ ಪ್ರೋಗ್ರಾಂ ತಪಾಸಣೆ ಮಾಡೋ ಕಂಪೈಲರ್ ಒಪ್ಪಲ್ಲ.”

“ನಾನು ತಿದ್ದಿದ್ರೆ?”

“ಹೊರಗಿಂದ ನೀನೇ ತಪ್ಪು ಬರ್ದು ಕೊಟ್ರೆ ಅದೇನ್ ಮಾಡದು? ಆ ಫಂಕ್ಷನ್ ಕೈ ಮಾತ್ರ ಕಟ್ಟದು. ನಿನ್ ಕೈ ಕಟ್ಟೋರು ಯಾರು ಮಾವ!”

ಅವಳು ಜ್ವರದಲ್ಲಿ ಮಲಗಿದ್ದಾಗ — ಅಲ್ಲಿ ಕೂತಿರುವ ನಮ್ಮ ಲ್ಯಾಬಿನ ದಿಲೀಪ — ಆ ಫಂಕ್ಷನ್ನಿಗೆ ಒಂದು ಸಾಲು ಸೇರಿಸಿದ. ರಕ್ತದ ಗುಂಪಿನ ಜಾಗ ಖಾಲಿಯಿದ್ದರೆ ‘ಓ ಪಾಸಿಟಿವ್’ ಹಾಕು, ಅಂತ. ಕಂಪೈಲರ್ ಒಪ್ಪಲಿಲ್ಲ. ಇವನು ಕಾನ್ಸ್ಟ್ ಕಿತ್ತುಹಾಕಿದ — ಒಪ್ಪಿತು. ಚೀಟಿ ಚೆಂದವಾಗಿಯೇ ಬಂತು. ಆದರೆ ಫಂಕ್ಷನ್ನಿಗೆ ಕೊಟ್ಟಿದ್ದು ನಕಲಲ್ಲ, ಅಸಲು ತಾನೇ? ದಾಖಲೆಯೊಳಗೂ ಅದೇ ಸುಳ್ಳು ಕೂತುಬಿಟ್ಟಿತು.

ನಿನ್ನೆ ಚಂದಕವಾಡಿಯ ಕರಿಯಮ್ಮ ಬಂದಳು, ತುಂಬು ಬಸುರಿ. ಹಿಂದಿನ ಸಲ ಹೆಸರು ಬರೆಸಿ, ಸೂಜಿ ನೋಡಿ ಓಡಿಹೋದವಳು. ಚೀಟಿ ತೆಗೆದುಕೊಟ್ಟೆ — ‘ಓ ಪಾಸಿಟಿವ್’.

“ಅಣ್ಣೋ, ರಕ್ತನೇ ಕೊಟ್ಟಿಲ್ಲ, ಗುಂಪು ಎಂಗ್ ಗೊತ್ತಾಯ್ತು?”

ನಕ್ಕೆ. ಆಮೇಲೆ — ದಿಲೀಪನನ್ನು ಹಿಡಿದು ಕೇಳಿದೆ, ಎಲ್ಲ ಒಪ್ಪಿಕೊಂಡ. ಹೆರಿಗೆಯಲ್ಲಿ ರಕ್ತ ಬೇಕಾದರೆ ಆ ಚೀಟಿಯನ್ನೇ ತಾನೇ ಹಿಡಿದುಕೊಂಡು ಓಡುವುದು? ಇನ್ನೆಷ್ಟು ಚೀಟಿ ಊರೂರಿಗೆ ಹೋಗಿವೆಯೋ, ನನಗೆ ಗೊತ್ತಿಲ್ಲ.

ನಮ್ಮ ಮಾಲೀಕರು ಪುಟ್ಟಮಲ್ಲಪ್ಪನವರಿಗೆ ಹೇಳಿದೆ. “ಸಭೆ ಮುಗೀಲಿ ಬುಡಯ್ಯ, ಆಮೇಲೆ ನೋಡನ” ಅಂದರು. ಮಾಲೀಕರೇ, ನಿಮ್ಮನ್ನೇ ಕೇಳುತ್ತೇನೆ ಸ್ವಾಮಿ — ಆ ಹುಡುಗಿಯ ಫೋಟೋಗೆ ಹಾರ ಹಾಕಿ, ಅವಳು ಬರೆದ ಕಾವಲನ್ನು ಕಿತ್ತ ಹಾಗೆಯೇ ಬಿಡುವುದೇ? ಬಿಡಬಾರದು ಅಂತ ತಲೆ ಆಡಿಸಿದಿರಿ. ಎಲ್ಲರೂ ನೋಡಿದ್ದಾರೆ.

ದಯವಿಟ್ಟು ಎಲ್ಲರೂ ಎದ್ದುನಿಲ್ಲಿ, ಮೌನವಾಗಿ. ದಿಲೀಪ, ನೀನು ಬೇಡ ಕಣಪ್ಪ. ಲ್ಯಾಬು ಎದುರಿಗೇ ಇದೆ. ಹೋಗು, ಆ ಸಾಲು ತೆಗೆದು ಕಾನ್ಸ್ಟ್ ಹಾಕು. ಹೋದ ಚೀಟಿಗಳ ಹೆಸರೆಲ್ಲ ತೆಗೆದುಕೊಂಡು ಬಾ.

ನೀನು ಬರುವವರೆಗೆ ನಾವು ನಿಂತೇ ಇರುತ್ತೇವೆ.