ಅವ್ವನ ಖಾಕಿ

ಕೈಲಾಂಚದ ಆಸ್ಪತ್ರೆಯಲ್ಲಿ ಮಕ್ಕಳಿಗೆ ಲಸಿಕೆ ಹಾಕಿಸಲು ಸಾಲಾಗಿ ನಿಂತಿದ್ದೆವು. ನನ್ನ ಮುಂದಿದ್ದ ಅಜ್ಜಿಯ ತೋಳಲ್ಲಿ ಖಾಕಿ ಅಂಗಿ ತೊಟ್ಟ ಕೂಸು. ಪಕ್ಕದ ಹೆಂಗಸು ಅಂಗಿಯನ್ನು ಮುಟ್ಟಿ ನೋಡಿದಳು.

“ಯಾರಕ್ಕ ಹೊಲ್ದಿದ್ದು?”

“ನಾನೇ ಕಣವ್ವ. ಹಳೇ ಯೂನಿಫಾರ್ಮ್ ಕತ್ತರಿಸಿ ಕೈಯಲ್ಲೇ ಹೊಲ್ದೆ.”

“ಕೂಸಿಗೆ ಒರಟಾಗಲ್ವಾ?”

“ಆರು ವರ್ಸ ಒಗ್ದು ಒಗ್ದು ಮೆತ್ಗಾಗೈತೆ.”

“ಇವರಪ್ಪಂದಾ?”

“ಅಲ್ಲ, ಇವರವ್ವಂದು. ನನ್ ಮಗಳು ಬಸ್ ಕಂಡಕ್ಟ್ರು.”

“ಮಗು ಆದ್ಮೇಲೂ ಹೋಯ್ತಾಳಾ?”

“ಕೆಲ್ಸ ಬುಡ್ಸಿ ಅಂತ ಬೀಗಿತ್ತಿ ಹಟ ಹಿಡ್ದಿದ್ರು. ಕೂಸಿಗೆ ಇದನ್ನ ತೊಡ್ಸಿ ಅವರ ಮಡಿಲಿಗೇ ಹಾಕ್ದೆ. ಆರು ವರ್ಸ ದುಡ್ದ ಆ ಖಾಕೀನ ಸವರಿ ನೋಡುದ್ರು. ‘ಕೂಸ ನಾನು ನೋಡ್ಕೋತೀನಿ, ಅವಳು ಹೋಗ್ಲಿ’ ಅಂದ್ರು. ಸೋಮವಾರದಿಂದ ಡ್ಯೂಟಿಗೆ ಹೋಯ್ತಾವ್ಳೆ. ಇವತ್ತು ಸೂಜಿ ಹಾಕ್ಸಕ್ಕೆ ಅಂತ ನಾನು ಎತ್ಕೊಂಡ್ ಬಂದೆ.”

ನರ್ಸ್ ಕರೆದರು. ಅಜ್ಜಿ ಅಂಗಿಯ ಕಾಲರ್ ನೇರ ಮಾಡಿ, ಕೂಸನ್ನು ಎದೆಯೆತ್ತರಕ್ಕೆ ಹಿಡಿದುಕೊಂಡು ಒಳಗೆ ನಡೆದರು.