ದ್ರೌಪದಮ್ಮನ ಗುಂಡಿ

…ಕೊಡಲ್ಲ ಭಾವ. ಇನ್ನೊಂದ್ಸಲ ಕೇಳಿದ್ರೂ ಇದೇ ಮಾತು. ಪಾಲು ತಿರುಗಿ ಹಾಕೋಣ, ಕೆಳಗಿನ ಈ ಹೊಲ ನಮಗೆ ಬರ್ಲಿ ಅಂತ ನೀವು ಕಟ್ಟೆ ಮೇಲೆ ಕೂತು ಮಾತಾಡಿದ್ರಂತೆ. ನನ್ನ ಕಿವಿಗೂ ಬಿತ್ತು. ಅದಕ್ಕೇ ಅಲ್ವಾ, ಬಾಗಲೂರಿನ ಮಗಳ ಮನೆಯಿಂದ ಬಂದೋರು ಕೈಕಾಲೂ ತೊಳೀದೆ ಸೀದಾ ಇಲ್ಲಿಗೆ ಇಳಿದಿದ್ದು?

ಬೇಡ, ಕೂತ್ಕೋಬೇಡಿ. ನಿಂತೇ ಕೇಳಿ. ನಾನೂ ಈ ಹೊಂಗೆ ಸೊಪ್ಪು ತರಿಯೋದು ನಿಲ್ಸಲ್ಲ. ಮೊನ್ನೆ ಮಳೆ ಬಿದ್ದೈತೆ, ಸೊಪ್ಪು ಇವತ್ತೇ ಮಣ್ಣಿಗೆ ಸೇರ್ಬೇಕು.

ಯಾಕಂಗೆ ನೋಡ್ತೀರಿ? ತಮ್ಮನ ಹೆಂಡ್ತಿಗೆ ಇಷ್ಟು ಬಾಯಿ ಯಾವಾಗ ಬಂತು ಅಂತಾನಾ? ನಿಮ್ಮ ತಮ್ಮ ಇರೋವರ್ಗೂ ನಿಮ್ಮೆದುರು ಬಾಗಿಲ ಮರೆಯಿಂದಾನೂ ಮಾತಾಡಿದೋಳಲ್ಲ ನಾನು. ಅವರ ತಿಥಿ ಮುಗಿದಿದ್ದೇ ಪಾಲು ಮಾಡೋಕ್ ಕೂತ್ರಲ್ಲ, ಆವಾಗ್ಲೂ ಸೆರಗು ಹೊದ್ಕೊಂಡು ಸುಮ್ನೇ ಇದ್ದೆ. ಸುಮ್ನಿದ್ದಿದ್ದಕ್ಕೆ ಏನ್ ಸಿಕ್ತು? ಈ ಗುಂಡಿ.

ಬೆಂಗ್ಳೂರಲ್ಲಿ ಹೊಸ ಬಡಾವಣೆ ಏಳ್ತಾ ಇದ್ದ ಕಾಲ. ಇಟ್ಟಿಗೆ ಸುಡೋರು ಒಳ್ಳೆ ಮಣ್ಣು ಎಲ್ಲೈತೆ ಅಂತ ಕೊಡಿಗೇಹಳ್ಳಿ ಸುತ್ತ ತಿರುಗ್ತಿದ್ರು. ನೀವು ಮನೆ ಯಜಮಾನ್ರು, ಯಾರನ್ನೂ ಕೇಳ್ಲಿಲ್ಲ, ಈ ಹೊಲದ ಮಣ್ಣನ್ನ ಸೊಂಟದುದ್ದ ಎತ್ತಿಸಿ ಕೊಟ್ರಿ. ತಾತನ ಕಾಲದಿಂದ ಗೊಬ್ಬರ ತಿಂದ ಮಣ್ಣು, ಯಾರ್ಯಾರದೋ ಮನೆ ಗೋಡೆ ಆಯ್ತು. ಇಲ್ಲಿ ಉಳಿದಿದ್ದು ಕೆಂಪು ಜಲ್ಲಿ. ಮಳೆ ಬಂದ್ರೆ ಕೊಳ, ಬಿಸ್ಲು ಬಂದ್ರೆ ಬಂಡೆ. ಅದನ್ನ ನನ್ನ ಪಾಲಿಗೆ ಬರೆದು, ಮಣ್ಣಿರೋ ಮೇಲಿನ ಹೊಲ ನೀವಿಟ್ಕೊಂಡ್ರಿ. ಊರೋರು ದ್ರೌಪದಮ್ಮನ ಗುಂಡಿ ಅಂತ ಹೆಸರಿಟ್ಟು ನಕ್ರು. ಹೆಸರು ಈಗ್ಲೂ ಅದೇ ಐತೆ. ನಗೋರು ಕಾಣೆ.

ಮೊದಲ್ನೇ ವರ್ಷ ಹುರುಳಿ ಚೆಲ್ಲಿದೆ. ಗೇಣುದ್ದ ಬಂತು, ಅದೂ ಅಲ್ಲೊಂದು ಇಲ್ಲೊಂದು. ಅದನ್ನ ಕೀಳ್ದೆ ಅಂಗೇ ನೇಗಿಲು ಹೊಡ್ಸಿ ಮಣ್ಣಿಗೆ ಮುಚ್ಚಿದೆ. ತಿನ್ನೋ ಕಾಳನ್ನ ಹೂಳ್ತಾಳೆ, ಗಂಡ ಹೋದ್ಮೇಲೆ ಬುದ್ಧಿ ಕೆಟ್ಟೈತೆ ಅಂದಿದ್ದು ಯಾರು? ನೀವಲ್ವಾ? ಅನ್ನಿ, ಬೇಜಾರಿಲ್ಲ. ನೆಲಕ್ಕೇ ಹಸಿವಾಗಿರೋವಾಗ ಮೊದಲು ಅದಕ್ಕೆ ಉಣ್ಣೋಕಿಕ್ಬೇಕು, ಆಮೇಲೆ ನಾವು. ನನಗೆ ಗೊತ್ತಿದ್ದಿದ್ದು ಅಷ್ಟೇ.

ಬೇಸಿಗೇಲಿ ಹೆಬ್ಬಾಳದ ಕೆರೆ ಬತ್ತಿದಾಗ ತಳದ ಗೋಡು ಮಣ್ಣು ಹೊತ್ತೆ, ತಲೆ ಮೇಲೆ, ಮಂಕರೀಲಿ. ನೆತ್ತಿ ಕೂದ್ಲು ಉದುರೋಯ್ತು, ನೋಡಿ ಬೇಕಾದ್ರೆ. ಯಶವಂತಪುರ ಸ್ಟೇಷನ್ ಹತ್ರ ಜಟಕಾ ಓಡಿಸ್ತಾರಲ್ಲ ಜಿಯಾವುಲ್ಲಾ ಸಾಹೇಬ್ರು, ಅವರ ಕುದುರೆಗೆ ನಾನು ಬದುವಿನ ಹುಲ್ಲು ಕುಯ್ದು ಕೊಟ್ಟೆ, ಅವರು ಲಾಯದ ಲದ್ದಿ ಗಾಡೀಲಿ ಕಳಿಸಿದ್ರು. ರಾತ್ರಿ ಕುರಿ ಇಲ್ಲೇ ಮಲಗ್ಸು, ಹಿಕ್ಕೆ ನೆಲಕ್ಕೆ ಬೀಳ್ಲಿ ಅಂತ ಕುರಿ ಮೇಯಿಸೋ ಆವಲಪ್ಪನ ಕಾಲಿಗೆ ಬೀಳೋದೊಂದು ಬಾಕಿ. ಬೆಳೆ ಇಲ್ದಿರೋ ಗುಂಡೀಲಿ ಮಂದೆ ಯಾಕಮ್ಮಾ ಕಟ್ಲಿ ಅಂದ. ಕಟ್ಟಪ್ಪಾ, ಅದು ಗುಂಡಿ ಅಲ್ಲ, ಹಸಿದ ಹೊಟ್ಟೆ ಅಂದೆ.

ನಗ್ತೀರಾ? ನಗಿ.

ಒಂದು ಮುಂಗಾರಲ್ಲಿ ಕಳೆ ಕೀಳ್ತಾ ಇದ್ದೆ. ಬೆರಳಿಗೆ ತಣ್ಣಗೆ ಏನೋ ತಗುಲ್ತು. ಎರೆಹುಳ. ಆ ಸತ್ತ ನೆಲದಲ್ಲಿ ಎರೆಹುಳ ಭಾವ. ಅಲ್ಲೇ ಸಾಲಲ್ಲಿ ಕೂತು ಅತ್ತೆ. ನಿಮ್ಮ ತಮ್ಮ ಹೋದಾಗ್ಲೂ ಅಷ್ಟು ಅಳೋಕೆ ಪುರುಸೊತ್ತು ಸಿಕ್ಕಿರ್ಲಿಲ್ಲ ನನಗೆ.

ಈಗ ನೋಡಿ. ರಾಗಿ ನಡುವೆ ಅವರೆ, ಅವರೆ ಪಕ್ಕ ಹುಚ್ಚೆಳ್ಳು. ಮಳೆ ಬಿದ್ರೆ ಒಂದ್ ಹನಿ ನಿಲ್ಲಲ್ಲ, ಎಲ್ಲಾ ಒಳಕ್ಕೆ ಕುಡೀತದೆ. ಇದನ್ನ ಕೇಳೋಕ್ ಬಂದ್ರಾ? ನಿಮ್ಮ ಮೇಲಿನ ಹೊಲಕ್ಕೆ ಏನ್ ಬಂದಿತ್ತು? ಹೊಸದಾಗಿ ಸೀಮೆಗೊಬ್ಬರ ಬಂತು ಅಂತ ಅದೊಂದನ್ನೇ ನಂಬಿದ್ರಿ. ಮೊದಲ ವರ್ಷ ರಾಗಿ ಎದೆಮಟ್ಟ ಬಂತು, ಊರೆಲ್ಲಾ ಕರೆದು ತೋರಿಸಿದ್ರಿ. ಸಗಣಿ ಯಾಕೆ, ಸೊಪ್ಪು ಯಾಕೆ ಅಂತ ಕೊಟ್ಟಿಗೇನೇ ಖಾಲಿ ಮಾಡಿದ್ರಿ. ಈಗ ನೆಲ ಗಾರೆ ಆಗೈತೆ, ಗುದ್ಲಿ ಹಾಕಿದ್ರೆ ಠಣ್ ಅಂತದೆ.

ನನಗೇನ್ ಗೊತ್ತು ಅಂದ್ರಾ? ಊರೋರು ಅಂತಾರೆ. ನಾನಂತೂ ನಿಮ್ಮ ಹೊಲದ ಕಡೆ ತಲೆ ಎತ್ತಿ ನೋಡಿದೋಳಲ್ಲ. ಪಾಲಾದ ದಿನದಿಂದ ಆ ಬದು ಹತ್ತಿಲ್ಲ. ಹತ್ತೋದೂ ಇಲ್ಲ.

ಏನಾದ್ರೂ ಮಾತಾಡಿ ಭಾವ. ಬೈಯೋದಿದ್ರೆ ಬೈಯ್ರಿ.

…ಟವಲ್ಲಿನಲ್ಲೇನು ಗಂಟು? ಬಿಚ್ತೀರಾ ಯಾಕೆ?

ಕುರಿ ಹಿಕ್ಕೆ. ಅದಕ್ಕೇನೀಗ? ದಾರೀಲಿ ಹೋಗೋ ಕುರಿ ನಿಮ್ಮ ಹೊಲಕ್ಕೆ ನುಗ್ಗಿರ್ಬೇಕು. ಕಾವಲಿಲ್ದಿರೋ ಹೊಲ. ನೀವು ಬಾಗಲೂರಲ್ಲಿ ಇದ್ರಿ, ಇಲ್ಲಿ ಯಾರ ಕುರಿ ಎಲ್ಲಿ ಮಲಗ್ತೋ ನನಗೇನ್ ಗೊತ್ತು.

ಅಂಗ್ ನೋಡ್ಬೇಡಿ.

ಆವಲಪ್ಪ ಏನಾದ್ರೂ ಅಂದ್ನಾ? ಬಾಯಿ ಬಿಡ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದೆ…

ಹೂಂ. ನಾನೇ. ನಿಮ್ಮ ಹೊಲದ ತುಂಬಾ ನಾನೇ ಮಂದೆ ಕಟ್ಟಿಸಿದ್ದು. ಅವನಿಗೂ ಅವನ ಜೊತೆಯೋರ್ಗೂ ನನ್ನ ಮನೆಯಿಂದ್ಲೇ ಮುದ್ದೆ ಹೋಯ್ತು. ನೀವು ಊರಲ್ಲಿದ್ದಿದ್ರೆ ಬಿಡ್ತಿರ್ಲಿಲ್ಲ, ಅದಕ್ಕೇ ನೀವಿಲ್ದಾಗ.

ಯಾಕೆ ಅಂತಾನಾ? ಹೋದ್ವರ್ಷದ ಜೋರು ಮಳೇಲಿ ಈ ಬದುವಿನ ಮೇಲೆ ನಿಂತಿದ್ದೆ. ನಿಮ್ಮ ಕಡೆಯಿಂದ ನೀರು ಇಳೀತಿತ್ತು, ಕೆಂಪಗೆ, ಗಟ್ಟಿಯಾಗಿ, ಗಂಜಿ ಇದ್ದಂಗೆ. ನೀರಲ್ಲ ಭಾವ, ನಿಮ್ಮ ಹೊಲವೇ ಎದ್ದು ಬರ್ತಿತ್ತು. ಬಂದು ನನ್ನ ಗುಂಡೀಲಿ ಕೂತ್ಕೊಳ್ತಿತ್ತು. ನನಗೆ ಲಾಭವೇ. ಎತ್ತಿಸಿ ಕೊಟ್ಟ ಮಣ್ಣಿಗೆ ಇದು ಸಮ ಆಯ್ತು ಅಂತ ಸುಮ್ನಿರ್ಬೋದಿತ್ತು. ಸುಮ್ನಿರೋಕೂ ನೋಡ್ದೆ. ಆಗ್ಲಿಲ್ಲ.

ಕಣ್ಣೊರೆಸ್ಕೊಳ್ಳಿ. ಇದು ಕನಿಕರ ಅಂತ ತಿಳ್ಕೋಬೇಡಿ. ನಿಮ್ಮ ಮೇಲಿನ ಸಿಟ್ಟು ಒಂದೆಳ್ಳಷ್ಟೂ ಇಳಿದಿಲ್ಲ. ನೀವು ಸಾಯೋವರ್ಗೂ ಇರ್ತದೆ, ಆಮೇಲೂ ಇರ್ತದೆ. ಗುಂಡಿ ತೋಡಿದೋರು ನೀವು. ಆ ಹೊಲ ಏನ್ ಮಾಡಿತ್ತು ನನಗೆ? ನಾನು ಮದ್ವೆಯಾಗಿ ಬಂದ ವರ್ಷ ಮೊದಲು ಕಳೆ ಕಿತ್ತಿದ್ದೇ ಅದರಲ್ಲಿ.

ಈ ಗುಂಡಿ ಮಾತ್ರ ಕೊಡಲ್ಲ. ಪಂಚಾಯ್ತಿ ಸೇರಿಸಿ, ಕೋರ್ಟಿಗೆ ಹೋಗಿ, ಕೊಡಲ್ಲ.

ಏನು… ಅದನ್ನ ಕೇಳೋಕ್ ಬರ್ಲಿಲ್ವಾ?

ಮತ್ತೆ ಯಾಕ್ ನಿಂತಿದ್ದೀರಿ? ಹಿಕ್ಕೆ ಬಿಸಿಲಿಗೆ ಬಿಟ್ರೆ ಸಾರ ಹೋಗ್ತದೆ. ಹದ ಐತೆ, ಇವತ್ತೇ ಉಳ್ಬೇಕು. ನಿಮಗೆ ಎತ್ತಿಲ್ಲ, ಗೊತ್ತು. ಅಗೋ, ಮರದ ಕೆಳಗೆ ನನ್ನ ಜೋಡಿ ಕಟ್ಟೈತೆ, ಹೊಡ್ಕೊಂಡ್ಹೋಗಿ. ಸಂಜೆಗೆ ನೀರು ಕುಡಿಸಿ ತಂದು ಕಟ್ಟಿ. ಎಡಗಡೇದು ಹೊಸದು, ಚಾಟಿ ತೋರಿಸಿದ್ರೆ ಮಲಗ್ಬಿಡ್ತದೆ. ಅದಕ್ಕೆ ಬಾಯಿಬಿಟ್ಟು ಒಂದ್ ಮಾತಾಡ್ಬೇಕು ಭಾವ, ಅಷ್ಟೇ.