ನಿನ್ನ ಕೋಣೆಗೆ ಮಾತ್ರ ಬರೋ ಗಾಳಿ

...ಗಾಳಿ ಅಂತೆ, ಗಾಳಿ! ಆ ಸೂಟ್‌ಕೇಸ್ ಕೆಳಗಿಡೋ, ತಮ್ಮಾ ತೌನೊ. ಇಷ್ಟಕ್ಕೆಲ್ಲ ಯಾರಾದ್ರೂ ಒಡಹುಟ್ಟಿದ ಅಣ್ಣನ್ನ ಬಿಟ್ಟು ಪೇಟೆ ಸೇರ್ತಾರಾ? ಅಕ್ಕನ ಫ್ಲ್ಯಾಟಲ್ಲಿ ಏನಿದೆ ಹೇಳು? ಮನೆ ಬೆಚ್ಚಗಿಡೋಕೆ ಗೋಡೆಗೊಂದು ಬಿಸಿನೀರಿನ ಕೊಳವೆ. ಅದೂ ಹೊಟ್ಟೆ ಕೆಟ್ಟ ಹಸು ಥರ ಗೊಳಗೊಳ ಅಂತಿರತ್ತೆ... ನಕ್ಕೆ! ನಕ್ಕೆ ನೀನು! ಮೀಸೆ ಅಲ್ಲಾಡಿತು, ನೋಡ್ದೆ.

ಚಳಿ ಅಂದ್ರೆ ಅಪ್ಪನ ಕಾಲದ್ದು ಕಣೋ. ಸಾರು ಬಟ್ಟಲಿಂದ ಬಾಯಿಗೆ ಬರೋಷ್ಟರಲ್ಲಿ ಗಟ್ಟಿ! ಕಡ್ಕೊಂಡು ತಿಂದ್ವಿ. ಬೆಕ್ಕು ಕಿಟಕಿ ಹತ್ರ ಆಕಳಿಸಿದ್ದೇ ತಪ್ಪಾಯ್ತು, ಬಾಯಿ ಮುಚ್ಚಕ್ಕಾಗ್ದೆ ಮಾರ್ಚ್ ತನಕ ಹಾಗೇ ಕೂತಿತ್ತು. ಸುಳ್ಳಾ? ಅಕ್ಕ ಕಾರು ತರ್ತಾಳಲ್ಲ, ಅವಳನ್ನೇ ಕೇಳು. ಬೇಡ... ಅವಳನ್ನ ಕೇಳಬೇಡ.

ಯಾಕೆ ಹಾಗೆ ನೋಡ್ತೀಯಾ? ಹೌದಪ್ಪ, ನನ್ನ ಕೋಣೇಲಿ ಮೇಣದಬತ್ತಿ ಅಲುಗಾಡಲ್ಲ, ನಿನ್ನ ಕೋಣೇಲಿ ಹಚ್ಚೋಕೇ ಆಗಲ್ಲ. ನಾನೇನು ಮಾಡ್ಲಿ? ಇಡೀ ಫಿನ್‌ಲೆಂಡಿನ ಗಾಳಿಗೆ ನೀನಂದ್ರೆ ಪ್ರಾಣ! ಮುತ್ತಜ್ಜನ ಕಾಲದ ಮರದ ದಿಮ್ಮಿ ಗೋಡೆ. ಗಾಳಿ ನುಗ್ಗದ ಹಾಗೆ ಸಂದೀಲಿ ತುರುಕಿದ್ದ ಒಣಪಾಚಿ ಉದುರಿರತ್ತೆ. ತಾನಾಗೇ. ನಿನ್ನ ತಲೆಗೂದಲು ಉದುರಲಿಲ್ವಾ?

ಅದಕ್ಕೇ ಅಂದಿದ್ದು, ಅಡುಗೆಮನೇಲಿ ಒಲೆ ಪಕ್ಕ ಮಲಗು ಅಂತ. ಹೋದ ಚಳಿಗಾಲ ನಿನ್ನ ಕಿಟಕಿ ಗಾಜು ಒಡೆದಾಗ... ಅದು ನಾನಲ್ಲ, ಅದು ನಿಜವಾಗ್ಲೂ ಕಾಗೆ... ಎಷ್ಟು ಮಜಾ ಇತ್ತು! ಈ ಬೆಂಚಲ್ಲಿ ನಾನು, ಆ ಬೆಂಚಲ್ಲಿ ನೀನು. ನಾನು ಕಥೆ ಹೇಳ್ತಿದ್ದೆ, ನೀನು ಗೊರಕೆ ಹೊಡೀತಿದ್ದೆ. ಸರಿಯಾದ ಜಾಗದಲ್ಲೇ ಹೊಡೀತಿದ್ದೆ ಕಣೋ, ಹೂಂಗುಟ್ಟಿದ ಹಾಗೆ! ಗಾಜು ಹಾಕಿಸಿದ್ದೇ ತಡ, ಎದ್ದು ನಿನ್ನ ಕೋಣೆಗೆ ಹೋದೆ.

ಎಲ್ಲಿಗೆ? ಕೋಣೇಲಿ ಏನು ಮರೆತೆ? ...ಆ ಗೋಡೆ ಮುಟ್ಟಬೇಡ. ಸಂದೀಲಿ ಬೆರಳು ಹಾಕ್ಬೇಡ ಅಂದ್ನಲ್ಲ! ...ಗೀರಾ? ಇಲಿ ಗೀರಿರತ್ತೆ. ನೇರಕ್ಕೇ ಇದೆ, ಹೌದು. ನಮ್ಮನೆ ಇಲಿ ಶಿಸ್ತಿನದು. ಬೆಣ್ಣೆ ಚಾಕು ಹಿಡ್ಕೊಂಡೇ ಓಡಾಡೋದು...

ಈಗ ನಗಬಹುದು. ತೌನೊ? ಇದು ನಗೋ ಜಾಗ.

...ಎಸೆದಿಲ್ಲ ಕಣೋ. ಒಂದು ಚೂರೂ ಎಸೆದಿಲ್ಲ. ನಾನು ಕಿತ್ತ ಪಾಚೀನೆಲ್ಲಾ ನಿನಗೇ ದಿಂಬು ಮಾಡಿ ಒಲೆ ಪಕ್ಕ ಇಟ್ಟಿದೀನಿ. ಸ್ವಲ್ಪ ಚುಚ್ಚತ್ತೆ. ಚಳಿಯಾದ್ರೆ ಅಡುಗೆಮನೆಗೆ ಬರ್ತೀಯ ಅಂದ್ಕೊಂಡೆ. ಅಕ್ಕನ ಕುವೊಪಿಯೊ ಪೇಟೆಗೇ ಹೊರಟುಬಿಡ್ತೀಯ ಅಂತ ನಂಗೇನು ಗೊತ್ತು!

ಬಯ್ಯೋ. ಒಂದು ಬೈಗುಳನಾದ್ರೂ ಬಯ್ಯೋ... ಅಕ್ಕ ಹಾರ್ನ್ ಹೊಡೀತಿದಾಳೆ.

ಹೋಗು ಹಾಗಾದ್ರೆ. ನಾನೇನು ಅಳಲ್ಲ. ಮಾತಾಡೋಕೆ ನಾನಿದೀನಲ್ಲ, ಮನೆ ತುಂಬ ಮಾತಾಡ್ತೀನಿ. ಆದ್ರೆ ಸುಮ್ಮನಿರೋಕೆ... ಲೋ, ಇಷ್ಟು ಚೆನ್ನಾಗಿ ಸುಮ್ಮನಿರೋಕೆ ನಂಗೆ ಇನ್ಯಾರು ಸಿಕ್ತಾರೋ?